ತಾತನ ರಿವಾಲ್ವರ್: ಕಾಗದ ಮೊದಲು, ಬೆಲೆ ಆಮೇಲೆ

ಚೆನ್ನೈಯ ಗಿಂಡಿಯ ಗಾಳಿಯಲ್ಲಿ ಸೈನ್ಯದ ಸದ್ದು ಇದ್ದೇ ಇದೆ. ಸೇಂಟ್ ಥಾಮಸ್ ಮೌಂಟ್‌ನ ಮಗ್ಗುಲಲ್ಲಿ 1963ರಿಂದ ಸೇನಾಧಿಕಾರಿಗಳ ತರಬೇತಿ ನಡೆಯುತ್ತಿದೆ. ಕೆಲಸಕ್ಕೆಂದು ಮದ್ರಾಸಿಗೆ ಬಂದು ಈ ಕಡೆ ನೆಲೆ ನಿಂತ ಕನ್ನಡದ ಮನೆಗಳಲ್ಲೂ ಒಂದೊಂದು ಹಳೆಯ ಟ್ರಂಕು ಇರುತ್ತದೆ. ತಾತ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು, ಇಲ್ಲವೇ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಕುದುರೆ ಏರಿದವರು. ಅಪ್ಪ ತೀರಿಕೊಂಡ ಮೇಲೆ ಟ್ರಂಕು ತೆರೆದರೆ, ಸಮವಸ್ತ್ರದ ಅಡಿಯಲ್ಲಿ ಚರ್ಮದ ಒರೆ, ಅದರೊಳಗೆ ಭಾರದ ಒಂದು ರಿವಾಲ್ವರ್. ಎಲ್ಲರ ಬಾಯಲ್ಲೂ ಮೊದಲು ಬರುವ ಪ್ರಶ್ನೆ, ‘ಇದಕ್ಕೆ ಎಷ್ಟು ಬರಬಹುದು?’ ಆ ಪ್ರಶ್ನೆಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿ. ಇದು ಯಾರ ಹೆಸರಿನಲ್ಲಿದೆ, ಕಾಗದ ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆ.

1. ಮುಟ್ಟುವ ಆಸೆ ತಡೆದುಕೊಳ್ಳಿ

ಗುಂಡು ತುಂಬಿದೆ ಎಂದೇ ತಿಳಿಯಿರಿ. ನಲವತ್ತು ವರ್ಷ ಯಾರೂ ಮುಟ್ಟಿಲ್ಲ ಎಂಬುದು ಸಮಾಧಾನದ ಮಾತಲ್ಲ, ಹೆಚ್ಚಿನ ಎಚ್ಚರಕ್ಕೆ ಕಾರಣ. ಕುದುರೆ ಎಳೆದು ನೋಡುವುದು, ಮೊಮ್ಮಕ್ಕಳ ಕೈಗೆ ಕೊಟ್ಟು ಫೋಟೊ ತೆಗೆಯುವುದು ಬೇಡವೇ ಬೇಡ. ತಿಳಿದವರು ಬಂದು ಬಿಚ್ಚುವವರೆಗೆ ಟ್ರಂಕಿಗೆ ಬೀಗ ಹಾಕಿ. ಡಬ್ಬಿಯಲ್ಲಿ ಹಳೆಯ ತೋಟಾಗಳಿದ್ದರೆ ಅವೂ ಲೆಕ್ಕಕ್ಕೆ ಬರುತ್ತವೆ, ಎಲ್ಲೋ ಎಸೆಯಬೇಡಿ.

2. ಠಾಣೆಗೆ ಫೋನ್ ಮೊದಲು, ಆಯುಧ ಆಮೇಲೆ

ಲೈಸೆನ್ಸ್ ಇದ್ದವರು ತೀರಿಕೊಂಡರೆ ಅವರ ಲೈಸೆನ್ಸ್ ಮಕ್ಕಳ ಹೆಸರಿಗೆ ತಾನಾಗಿ ಹರಿದು ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಹೇಳುವುದು ಇಷ್ಟೇ: ಇಟ್ಟುಕೊಳ್ಳುವ ಹಕ್ಕು ಮುಗಿದ ಮೇಲೆ ಅನಗತ್ಯ ತಡ ಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಯ ಬಳಿಯೋ ಠೇವಣಿ ಇಡಿ. ಆದರೆ ಕೈಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಬೇಡಿ. ಮೊದಲು ಫೋನ್ ಮಾಡಿ, ಯಾರು ತರಬೇಕು, ಹೇಗೆ ತರಬೇಕು ಎಂದು ಕೇಳಿ, ಅವರು ಹೇಳಿದಂತೆ ಮಾಡಿ. ಒಪ್ಪಿಸಿದ ಕೂಡಲೇ ತಯಾರಕರ ಹೆಸರು, ಬೋರ್ (ನಳಿಗೆಯ ಒಳ ಅಳತೆ), ಸರಣಿ ಸಂಖ್ಯೆ, ತೋಟಾಗಳ ಎಣಿಕೆ ಎಲ್ಲ ಬರೆದ ರಸೀದಿ ಪಡೆಯಿರಿ. ಮುಂದಿನ ಎಲ್ಲ ಕೆಲಸವೂ ಆ ಒಂದು ಚೀಟಿಯ ಮೇಲೆ ನಿಂತಿದೆ.

ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ನಂತರ ಶಿಕ್ಷೆ ಎರಡರಿಂದ ಐದು ವರ್ಷ. ನಿಷೇಧಿತ ವರ್ಗದ್ದಾದರೆ ಏಳರಿಂದ ಹದಿನಾಲ್ಕು. ತಾತ ಯುದ್ಧದಿಂದ ತಂದರು, ಕಾಗದ ಎಂದೂ ಇರಲೇ ಇಲ್ಲ ಎನ್ನುವ ಮನೆಯವರು ಫೋನ್ ಎತ್ತುವ ಮೊದಲು ಒಬ್ಬ ವಕೀಲರ ಬಳಿ ಕುಳಿತು ಮಾತಾಡಿ. ಆ ಶುಲ್ಕ ವ್ಯರ್ಥವಾಗದು.

3. ವಾರಸುದಾರರೆಲ್ಲರ ಸಹಿ ಒಂದೇ ಕಡತಕ್ಕೆ ಸೇರಲಿ

ಮರಣ ಪ್ರಮಾಣಪತ್ರ, ತಹಸೀಲ್ದಾರರ ವಾರಸು ಪ್ರಮಾಣಪತ್ರ, ಹಳೆಯ ಲೈಸೆನ್ಸ್ ಪುಸ್ತಕ, ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರ ಒಪ್ಪಿಗೆ ಪತ್ರ. ಕಡತ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಬೆಲೆಯ ಮಾತು ಎದ್ದ ಮೇಲೆ ಸಹಿ ಕೇಳಿದರೆ ಸಹಿ ಬರುವುದಿಲ್ಲ, ಅದಕ್ಕೇ ಮೊದಲೇ ಹಾಕಿಸಿ.

ಇಟ್ಟುಕೊಳ್ಳುವ ಮನಸ್ಸಿದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡುವ ದಾರಿ ಇದೆ. ಗಿಂಡಿಯಂಥ ಚೆನ್ನೈ ನಗರದ ಪ್ರದೇಶಕ್ಕೆ ಅಧಿಕಾರಿ ಪೊಲೀಸ್ ಕಮಿಷನರ್. 2019ರಿಂದ ಒಬ್ಬರಿಗೆ ಎರಡೇ ಬಂದೂಕು, ಮನೆತನದಿಂದ ಬಂದದ್ದೂ ಆ ಎರಡರೊಳಗೇ.

4. ‘ಹಳೆಯದು, ಲೈಸೆನ್ಸ್ ಬೇಡ’ ಎನ್ನುವವರನ್ನು ನಂಬಬೇಡಿ

ಕಾಯ್ದೆಯ 45ನೇ ಕಲಂನಲ್ಲಿ ಒಂದು ವಿನಾಯಿತಿ ಇದೆ. ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ಅದು. ಆದರೆ ಅದೇ ವಾಕ್ಯದ ಬಾಲದಲ್ಲಿ ಷರತ್ತೂ ಇದೆ: ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಆಗದಂತಿರಬೇಕು. 1917ರ ರಿವಾಲ್ವರ್‌ಗೆ ಒಂದು ಸ್ಪ್ರಿಂಗ್ ಹಾಕಿದರೆ ಹಾರುತ್ತದೆ ಎಂದಾದರೆ ವಿನಾಯಿತಿಯನ್ನು ನೆಚ್ಚಬೇಡಿ. ಅದು ಹಾರುತ್ತದೋ ಇಲ್ಲವೋ ಎಂದು ನೀವೇ ಪರೀಕ್ಷಿಸಲೂ ಬೇಡಿ. ರಿಪೇರಿ, ಪರೀಕ್ಷೆ, ಮಾರ್ಪಾಟು ಎಲ್ಲವೂ ಲೈಸೆನ್ಸ್ ಇರುವವರ ಕೆಲಸ.

5. ಬೆಲೆ ಕೇಳುವ ಮೊದಲು ಬೋರ್ ಕೇಳಿ

ಇಲ್ಲಿ ಸ್ವಲ್ಪ ನಿಲ್ಲೋಣ, ಬೆಲೆಯ ಗುಟ್ಟೆಲ್ಲ ಇಲ್ಲಿದೆ. ಬ್ರಿಟಿಷ್ ಸೈನ್ಯದ ಪ್ರಸಿದ್ಧ ರಿವಾಲ್ವರ್ ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ. 1887ರಿಂದ ಒಂದಾದ ಮೇಲೊಂದು ಮಾರ್ಕ್ (ಮಾದರಿ) ಬಂದು, 1915ರಲ್ಲಿ ಆರು ಇಂಚಿನ ನಳಿಗೆಯ ಮಾರ್ಕ್ 6 ಬಂತು. ಇವುಗಳ ಬೋರ್ .455. ಆಮೇಲೆ 1932ರಲ್ಲಿ ಎನ್‌ಫೀಲ್ಡ್‌ನ .38. ಭಾರತದಲ್ಲಿ ಈ ಎರಡೂ ಸೈನಿಕ ಬೋರ್‌ಗಳು ‘ನಿಷೇಧಿತ ಬೋರ್’. ಅವುಗಳ ಲೈಸೆನ್ಸ್ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ, ವಾರಸುದಾರರ ಅರ್ಜಿಯೂ ದೆಹಲಿಗೇ ಹೋಗಬೇಕು. ಹಾಗಾಗಿ ಕೊಳ್ಳಬಲ್ಲವರು ಬೆರಳೆಣಿಕೆ.

ಅದೇ ವೆಬ್ಲಿ .32 ಬೋರ್‌ನಲ್ಲಿದ್ದರೆ ಕಥೆ ತಿರುಗುತ್ತದೆ. ಅದು ನಿಷೇಧಿತವಲ್ಲ. ಖಾಸಗಿಯವರು ಹೊರದೇಶದಿಂದ ಆಯುಧ ತರಿಸಿಕೊಳ್ಳುವುದು 1980ರ ದಶಕದ ಮಧ್ಯದಲ್ಲೇ ನಿಂತುಹೋಗಿದೆ. ಹಾಗಾಗಿ ಒಳ್ಳೆಯ ಸ್ಥಿತಿಯ ಹಳೆಯ ವಿದೇಶಿ .32ಕ್ಕೆ ಕಾನೂನಿನ ಮಾರುಕಟ್ಟೆಯಲ್ಲೇ ಲಕ್ಷಗಳ ಲೆಕ್ಕದಲ್ಲಿ ಬೆಲೆ. ಮೊದಲ ಮಹಾಯುದ್ಧ ಕಂಡ ರಿವಾಲ್ವರ್‌ಗೆ ಗಿರಾಕಿ ಇಲ್ಲ, ಯಾವ ಯುದ್ಧವನ್ನೂ ಕಾಣದ ಅದರ ತಮ್ಮನಿಗೆ ಸಾಲುಗಟ್ಟುತ್ತಾರೆ. ನನಗೆ ಇದು ನೋವಿನ ಸಂಗತಿಯೇ. ಆದರೆ ಮಾರುವವರು ತಿಳಿದೇ ಕೂರಬೇಕು.

6. ಗುರುತುಗಳನ್ನು ಓದಿಸಿ

ಠೇವಣಿ ಇಟ್ಟ ವ್ಯಾಪಾರಿಯ ಮುಂದೆಯೇ ಒಂದೊಂದಾಗಿ ಬರೆದುಕೊಳ್ಳಿ. ಚೌಕಟ್ಟಿನ ಮೇಲಿನ ಮಾರ್ಕ್ ಮತ್ತು ಇಸವಿ. ಬ್ರಿಟಿಷ್ ಸರ್ಕಾರದ ಬಾಣದ ಗುರುತು. ಬಾಣದ ಕೆಳಗೆ ‘ಐ’ ಅಕ್ಷರ ಇದ್ದರೆ ಅದು ಭಾರತದ ಸೇನಾ ಉಗ್ರಾಣದ್ದು. ಚೌಕಟ್ಟು, ನಳಿಗೆ, ಸಿಲಿಂಡರ್ ಮೂರರಲ್ಲೂ ಒಂದೇ ಸಂಖ್ಯೆ ಇದೆಯೇ? ಒಂದು ಭಾಗ ಬೇರೆಯದಾದರೂ ಸಂಗ್ರಾಹಕರ ಬೆಲೆ ಇಳಿಯುತ್ತದೆ. ಆ ಕಾಲದ ಬ್ರಿಟಿಷ್ ಅಧಿಕಾರಿಗಳು ರಿವಾಲ್ವರ್ ಅನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತಿದ್ದರು. ಹಾಗಾಗಿ ಮೌಂಟ್ ರೋಡಿನ ಪಿ. ಓರ್ ಅಂಡ್ ಸನ್ಸ್‌ನಂಥ ಅಂಗಡಿಯ ಹೆಸರು ಕೊರೆದಿದ್ದರೆ ಸಂತೋಷಪಡಿ, ಅದು ಮದ್ರಾಸಿನದೇ ಚರಿತ್ರೆ.

ಒಬ್ಬರ ಅಂದಾಜಿಗೆ ಒಪ್ಪಬೇಡಿ. ಕನಿಷ್ಠ ಮೂವರು ಲೈಸೆನ್ಸ್ ವ್ಯಾಪಾರಿಗಳಿಂದ ಬರಹದಲ್ಲಿ ಬೆಲೆ ಪಡೆಯಿರಿ.

7. ಹೊಳಪಿನ ಆಸೆ ಬಿಡಿ

ಹುಣಸೆಹಣ್ಣು, ಬೂದಿ, ಉಪ್ಪುಕಾಗದ ಯಾವುದೂ ಬೇಡ. ನೂರು ವರ್ಷದ ಕಪ್ಪು ಮಿರುಗು ಒಮ್ಮೆ ಹೋದರೆ ಮರಳಿ ಬರುವುದಿಲ್ಲ, ನಿಕ್ಕಲ್ ಲೇಪ ಮಾಡಿಸಿದರಂತೂ ಅರ್ಧ ಚರಿತ್ರೆ ಅಳಿಸಿದಂತೆ. ಆಯುಧಪೂಜೆಯಲ್ಲಿ ಹಚ್ಚಿದ ಒದ್ದೆ ಕುಂಕುಮವೂ ಲೋಹವನ್ನು ತಿನ್ನುತ್ತದೆ. ಚೆನ್ನೈಯ ಉಪ್ಪುಗಾಳಿಯಲ್ಲಿ ಚರ್ಮದ ಒರೆ ತೇವ ಹಿಡಿದಿಡುತ್ತದೆ, ಹಾಗಾಗಿ ಒರೆ ಬೇರೆ, ರಿವಾಲ್ವರ್ ಬೇರೆ ಇಡಲು ವ್ಯಾಪಾರಿಗೆ ಹೇಳಿ.

8. ಕಥೆಗೆ ಸಾಕ್ಷಿ ಹುಡುಕಿ

2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ಒಂದು ಹರಾಜು ನಡೆಯಿತು. ಬರ್ಕ್‌ಶೈರ್‌ನ ಮನೆಯೊಂದರ ಅಟ್ಟದಲ್ಲಿ ಸಿಕ್ಕ, ಬೆಳ್ಳಿ ಕೆಲಸದ ಟಿಪ್ಪುವಿನ ಕಾಲದ ಕೋವಿ 60,000 ಪೌಂಡಿಗೆ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣದಿಂದ ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಕೊಂಡೊಯ್ದದ್ದು ಎಂಬ ವಂಶದ ದಾಖಲೆ ಅದರ ಜತೆಗಿತ್ತು. ಅದಿಲ್ಲದಿದ್ದರೆ ಅದೂ ಒಂದು ಹಳೆಯ ಕೋವಿ, ಅಷ್ಟೇ. ನಮ್ಮದು ನಮ್ಮೂರಿಂದ ಹೋಗಿ ಅಲ್ಲಿ ಮಾರಾಟವಾಯಿತು ಎಂಬ ಸಂಕಟ ಇದ್ದದ್ದೇ, ಆದರೂ ಅವರು ಕಾಗದ ಕಾಪಾಡಿದ ರೀತಿ ನಾವು ಕಲಿಯಬೇಕಾದದ್ದು.

ಆದ್ದರಿಂದ ಟ್ರಂಕನ್ನು ತಳದವರೆಗೆ ನೋಡಿ. ಸೇವಾ ಪುಸ್ತಕ, ಪದಕ, ಪಿಂಚಣಿ ಆದೇಶ, ಸಮವಸ್ತ್ರದ ಫೋಟೊ. ತಾತ 1918ರ ಸೆಪ್ಟೆಂಬರ್ 23ರಂದು ಹೈಫಾ ಕದನದಲ್ಲಿ ಮೈಸೂರು ಲ್ಯಾನ್ಸರ್ಸ್ ಜತೆ ಇದ್ದರು ಎಂದು ಒಂದು ಹಾಳೆ ಹೇಳಿದರೂ ಆ ಹಾಳೆ ಆಯುಧಕ್ಕಿಂತ ದೊಡ್ಡದು.

9. ಲೈಸೆನ್ಸ್ ಇಲ್ಲದೆಯೂ ಮಾರಬಹುದು, ಠೇವಣಿಯಿಂದಲೇ

ಇದು ಬಹಳ ಜನಕ್ಕೆ ಗೊತ್ತಿಲ್ಲ. ಠೇವಣಿ ಇಟ್ಟ ಆಯುಧವನ್ನು ನಿಗದಿತ ಅವಧಿಯೊಳಗೆ, ಇಟ್ಟುಕೊಳ್ಳುವ ಹಕ್ಕಿರುವ ಬೇರೆಯವರಿಗೆ ಮಾರಿಸಿ ಹಣ ಪಡೆಯಲು ವಾರಸುದಾರರಿಗೆ 21ನೇ ಕಲಂನಲ್ಲೇ ಅವಕಾಶವಿದೆ. ನಿಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿ ಆಮೇಲೆ ಮಾರುವ ಸುತ್ತು ಬೇಕಿಲ್ಲ. ಆದರೆ ಅವಧಿ ಮೀರಿದರೆ ಮುಟ್ಟುಗೋಲು, ಹಾಗಾಗಿ ಕೊನೆಯ ದಿನಾಂಕವನ್ನು ಬರಹದಲ್ಲಿ ಕೇಳಿ ಪಡೆದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಡಿ.

ಲೈಸೆನ್ಸ್ ಇದ್ದವರು ನೇರವಾಗಿ ಇನ್ನೊಬ್ಬರಿಗೆ ಮಾರುವುದಾದರೆ, ಕೊಳ್ಳುವವರ ಹೆಸರು ವಿಳಾಸ ಸಹಿತ ಅಧಿಕಾರಿಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವರ ಲೈಸೆನ್ಸ್ ಮೂಲಪ್ರತಿ ನೋಡಿ, ಯುಐಎನ್ (ವಿಶಿಷ್ಟ ಗುರುತಿನ ಸಂಖ್ಯೆ) ಇದೆಯೇ, ಬೋರ್ ಹೊಂದುತ್ತದೆಯೇ ಎಂದು ಪರೀಕ್ಷಿಸಿ. ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕಿ ಬೆಲೆ ಕೇಳುವ ಕೆಲಸ ಮಾತ್ರ ಮಾಡಬೇಡಿ.

10. ಕೊಡಗಿನ ಮನೆಯವರಿಗೆ ಒಂದು ಮಾತು

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸುವ ಕೋವಿಯ ಪರಂಪರೆ ಅದು. ಗಿಂಡಿಯ ಬೀರುವಿನಲ್ಲಿರುವ ಸೈನಿಕ ರಿವಾಲ್ವರ್‌ಗೂ ಅದೇ ರಕ್ಷೆ ಎಂದು ಊಹಿಸಿ ಸುಮ್ಮನಿರಬೇಡಿ.

11. ವಿದೇಶದ ಬೆಲೆಪಟ್ಟಿ ಮುಚ್ಚಿಡಿ

ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. 1915ರ ವೆಬ್ಲಿಗೆ ಲಂಡನ್ನಿನಲ್ಲಿ ಎಷ್ಟಿದ್ದರೇನು, ನಿಮ್ಮ ಮಾರುಕಟ್ಟೆ ಈ ದೇಶವೇ. .455ಕ್ಕೆ ಗಿರಾಕಿ ಸಿಗದಿದ್ದರೆ ಎಗ್ಮೋರಿನ ಸರ್ಕಾರಿ ಸಂಗ್ರಹಾಲಯಕ್ಕೆ ಒಂದು ಪತ್ರ ಬರೆದು ನೋಡಿ. 1851ರಲ್ಲಿ ಆರಂಭವಾದ ಆ ಸಂಗ್ರಹಾಲಯದಲ್ಲಿ ಆಯುಧಗಳದ್ದೇ ಒಂದು ವಿಭಾಗ ಇದೆ. ದಾನಕ್ಕೂ ಅನುಮತಿಯ ಕಾಗದ ಬೇಕು.

12. ಹಣ ಬ್ಯಾಂಕಿನ ಮೂಲಕ, ನೆನಪು ಮನೆಯಲ್ಲಿ

ಮಾರಿದ ರಸೀದಿ, ಕೊಂಡವರ ಲೈಸೆನ್ಸ್ ನಕಲು, ಹಳೆಯ ಲೈಸೆನ್ಸ್‌ನಲ್ಲಿ ಆಯುಧ ತೆಗೆದುಹಾಕಿದ ನಮೂದು, ಈ ಮೂರೂ ಸೇರಿದ ಮೇಲಷ್ಟೇ ನಿಮ್ಮ ಹೊಣೆ ಇಳಿಯುವುದು. ಸೇವಾ ದಾಖಲೆಯ ಪ್ರತಿಗಳನ್ನು ಕೊಂಡವರಿಗೆ ಕೊಡಿ, ಮೂಲ ನಿಮ್ಮಲ್ಲಿರಲಿ. ತಾತನ ಫೋಟೊ, ಪದಕ, ಮಸುಕಾದ ಆ ಸಮವಸ್ತ್ರಕ್ಕೆ ಯಾರ ಲೈಸೆನ್ಸೂ ಬೇಡ. ಅವನ್ನು ಟ್ರಂಕಿಗೆ ಮತ್ತೆ ತುಂಬದೆ ನಡುಮನೆಯ ಗೋಡೆಗೆ ಹಾಕಿ.