ರಾಜಿಗಿಂತ ಮೊದಲು ರಕ್ಷಣೆ

ಗಂಡನ ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಮಗಳು ಅದನ್ನು ಯಾರಿಗಾದರೂ ಹೇಳಿದರೆ, ಮೊದಲು ಹೇಳುವುದು ತವರಿನಲ್ಲಿ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಹಿಂದಿನ ಸಮೀಕ್ಷೆಯಲ್ಲಿ ಇದು ಸುಮಾರು 21 ಇತ್ತು. ದೇಶದ ಒಟ್ಟು ಲೆಕ್ಕ ನೋಡಿದರೆ, ಹಿಂಸೆಗೆ ಸಿಕ್ಕವರಲ್ಲಿ ನೆರವು ಕೇಳಿದವರು ನೂರಕ್ಕೆ 14 ಮಾತ್ರ. ಅವರಲ್ಲೂ ಹೆಚ್ಚಿನವರು ಹೋದದ್ದು ತಮ್ಮ ಹೆತ್ತವರ, ಒಡಹುಟ್ಟಿದವರ ಬಳಿಗೆ. ಪೊಲೀಸರು, ವೈದ್ಯರು, ವಕೀಲರ ಬಳಿಗೆ ಹೋದವರು ಬೆರಳೆಣಿಕೆಯಷ್ಟು.

ಹಾಗಾಗಿ ಈ ಮಾತನ್ನು ತಂದೆತಾಯಿಯರಿಗೇ ಹೇಳಬೇಕಾಗಿದೆ. ಕುಟುಂಬ ಸಮಾಲೋಚನೆಯ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದು: ಮಗಳು ಅಳುತ್ತಾ ಬಂದಾಗ ಹೆತ್ತವರಿಗೆ ಸಂಕಟವಾಗುತ್ತದೆ, ಸಿಟ್ಟು ಬರುತ್ತದೆ, ಮರುಕ್ಷಣವೇ ಭಯ ಶುರುವಾಗುತ್ತದೆ. ಜನ ಏನೆಂದಾರು? ಇನ್ನೊಬ್ಬಳು ಮಗಳ ಮದುವೆ ಬಾಕಿ ಇದೆಯಲ್ಲ? ಆಗ ಮನೆಯಲ್ಲಿ ಯಾರೋ ಒಬ್ಬರು, ‘ಹಿರಿಯರನ್ನು ಕೂಡಿಸಿ ನ್ಯಾಯ ಮಾಡಿಸೋಣ’ ಎನ್ನುತ್ತಾರೆ. ಕೆಲವರು ಮಠಕ್ಕೆ ಹೋಗುತ್ತಾರೆ, ಕೆಲವರು ದೇವಸ್ಥಾನದ ಧರ್ಮದರ್ಶಿಗಳ ಬಳಿ, ಕೆಲವರು ಜಮಾತಿಗೆ, ಕೆಲವರು ಚರ್ಚಿನ ಫಾದರ್ ಹತ್ತಿರ.

ಅಲ್ಲಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಜನ ನಂಬುವುದು ಆ ಜಾಗಗಳನ್ನೇ. ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಜಮೀನಿನ ತಗಾದೆಯಿಂದ ಹಿಡಿದು ಸಂಸಾರದ ವ್ಯಾಜ್ಯದವರೆಗೆ ಎಲ್ಲವನ್ನೂ ಹೊತ್ತು ಜನ ಬರುವುದು ಕರ್ನಾಟಕಕ್ಕೆಲ್ಲ ಗೊತ್ತಿದೆ. ಕೋರ್ಟಿನ ಮೆಟ್ಟಿಲು ಹತ್ತಲು ಹಿಂಜರಿಯುವ ಕುಟುಂಬ ಗುರುಗಳ ಎದುರು ಬಾಯಿ ಬಿಡುತ್ತದೆ. ಆ ನಂಬಿಕೆ ದೊಡ್ಡದು. ನನ್ನ ತಕರಾರು ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಬಗ್ಗೆ ಮಾತ್ರ. ಹೊಡೆತ ಇರುವಲ್ಲಿ ಮೊದಲು ಆಗಬೇಕಾದದ್ದು ರಕ್ಷಣೆ. ರಾಜಿಯ ಮಾತು ಆಮೇಲೆ, ಅದೂ ಮಗಳು ಬಯಸಿದರೆ.

ಹಿರಿಯರ ಪಂಚಾಯ್ತಿ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ? ಗಂಡ, ಅತ್ತೆ, ಮಾವ, ಎರಡೂ ಕಡೆಯ ನೆಂಟರು ಎಲ್ಲರೂ ಕೂತಿರುತ್ತಾರೆ. ಅವರ ನಡುವೆ ಆ ಹುಡುಗಿಯನ್ನು ‘ನಿನ್ನ ಕಷ್ಟ ಏನಮ್ಮ, ಹೇಳು’ ಎಂದು ಕೇಳುತ್ತಾರೆ. ಹೊಡೆದವನು ಎದುರಿಗೇ ಇದ್ದಾನೆ. ರಾತ್ರಿ ಅವನ ಜೊತೆಯಲ್ಲೇ ವಾಪಸು ಹೋಗಬೇಕೆಂದು ಅವಳಿಗೆ ಗೊತ್ತು. ಅರ್ಧ ಹೇಳುತ್ತಾಳೆ, ಉಳಿದರ್ಧ ನುಂಗುತ್ತಾಳೆ. ಮಲಗುವ ಕೋಣೆಯಲ್ಲಿ ನಡೆದದ್ದನ್ನಂತೂ ಆ ಸಭೆಯಲ್ಲಿ ಯಾವ ಹೆಣ್ಣೂ ಹೇಳಲಾರಳು. ಗಂಡ ಹಿರಿಯರ ಕಾಲಿಗೆ ಬಿದ್ದು, ಇನ್ನು ಮುಂದೆ ಹೀಗಾಗುವುದಿಲ್ಲ ಎನ್ನುತ್ತಾನೆ. ಅವಳಿಗೂ ‘ನೀನೂ ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂಬ ಬುದ್ಧಿಮಾತು ಸಿಗುತ್ತದೆ. ಎಲ್ಲರೂ ಊಟ ಮಾಡಿ ಹೊರಡುತ್ತಾರೆ. ಮನೆತನದ ಮಾನವನ್ನು ಬೀದಿಗೆ ತಂದಳೆಂಬ ಸಿಟ್ಟು ಆ ಮನೆಯಲ್ಲಿ ಹೊಸದಾಗಿ ಸೇರಿಕೊಳ್ಳುತ್ತದೆ. ಸಭೆಯಲ್ಲಿ ಕೂತ ಹಿರಿಯರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಇಬ್ಬರನ್ನೂ ಸಮಾನವಾಗಿ ಕೂರಿಸಿ ಮಾತಾಡಿಸುವ ಪದ್ಧತಿ ನಡೆಯುವುದು ಇಬ್ಬರೂ ನಿರ್ಭಯರಾಗಿದ್ದಾಗ ಮಾತ್ರ.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಹಿರಿಯರು ಹೇಳಿದ್ದು ಜಗಳದ ಬಗ್ಗೆ. ಜಗಳದಲ್ಲಿ ಇಬ್ಬರಿಗೂ ದನಿ ಇರುತ್ತದೆ. ಹಿಂಸೆಯಲ್ಲಿ ಒಬ್ಬರು ಹೆದರಿಸುತ್ತಾರೆ, ಇನ್ನೊಬ್ಬರು ಹೆದರುತ್ತಾರೆ. ನಿಮ್ಮ ಮಗಳ ಮನೆಯಲ್ಲಿ ನಡೆಯುತ್ತಿರುವುದು ಯಾವುದು ಎಂದು ತಿಳಿಯಬೇಕಾದರೆ ಅವಳನ್ನು ಒಂಟಿಯಾಗಿ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: ‘ಅವನಿಗೆ ನೀನು ಹೆದರುತ್ತೀಯಾ?’

ಈ ವಿಷಯದಲ್ಲಿ ನಮ್ಮ ಕಾನೂನು ಸಮಾಜಕ್ಕಿಂತ ಮುಂದಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತವಷ್ಟೇ ಅಲ್ಲ, ಲೈಂಗಿಕ ಬಲಾತ್ಕಾರ, ಹೀನಾಯ ಮಾತು, ಕೈಗೆ ದುಡ್ಡು ಕೊಡದೆ ಸತಾಯಿಸುವುದು, ಅವಳ ಒಡವೆ ಕಿತ್ತಿಟ್ಟುಕೊಳ್ಳುವುದು ಎಲ್ಲವೂ ಅದರ ಪ್ರಕಾರ ಹಿಂಸೆಯೇ. ಈ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಆಪ್ತಸಮಾಲೋಚನೆಗೆ ಕಳಿಸಬಹುದು. ಅದಕ್ಕೆ 2006ರ ನಿಯಮಾವಳಿ ಒಂದು ಕಟ್ಟುಪಾಡು ಹಾಕಿದೆ: ಹೊಡೆದವನು ತಾನು ಯಾಕೆ ಹೊಡೆದೆ ಎಂಬ ಸಮರ್ಥನೆಯನ್ನು ಆ ಕೋಣೆಯಲ್ಲಿ ಹೇಳುವ ಹಾಗಿಲ್ಲ. ‘ಅವಳು ಎದುರುತ್ತರ ಕೊಟ್ಟಳು’, ‘ಅಡುಗೆ ಮಾಡಿರಲಿಲ್ಲ’, ‘ತವರಿಗೆ ಫೋನ್ ಮಾಡುತ್ತಲೇ ಇರುತ್ತಾಳೆ’ ಇವು ಯಾವುವೂ ಅಲ್ಲಿ ಚರ್ಚೆಯ ವಿಷಯವೇ ಅಲ್ಲ. ಇನ್ನು ಮುಂದೆ ಹಿಂಸೆ ಮಾಡುವುದಿಲ್ಲ ಎಂಬ ಮುಚ್ಚಳಿಕೆಯನ್ನೂ ಅವನು ಕೊಡಬೇಕು. ನಮ್ಮ ಮಠ, ಮಸೀದಿ, ಚರ್ಚುಗಳ ನ್ಯಾಯದ ಸಭೆಗಳು ಈ ಒಂದು ನಿಯಮವನ್ನು ತಮ್ಮದಾಗಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಅದೇ ಕಾಯ್ದೆಯ 4ನೇ ಕಲಂ ಕೂಡ ಗುರುಗಳಿಗೆ, ಅರ್ಚಕರಿಗೆ, ಮೌಲ್ವಿಗಳಿಗೆ ತಿಳಿದಿರಬೇಕು. ಹಿಂಸೆ ನಡೆದಿದೆ, ನಡೆಯುತ್ತಿದೆ, ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ಜನ ‘ಸಿಡಿಪಿಓ’ ಎನ್ನುವವರೇ, ಸಂರಕ್ಷಣಾಧಿಕಾರಿಗಳು. ನಿಮ್ಮ ಊರಿನ ಅಂಗನವಾಡಿ ಕಾರ್ಯಕರ್ತೆಗೆ ಆ ಕಚೇರಿಯ ದಾರಿ ಗೊತ್ತಿರುತ್ತದೆ.

ಧರ್ಮಕೇಂದ್ರಗಳಿಗೆ ಇರುವ ಒಂದು ಬಲ ನಮ್ಮಂಥ ಸಮಾಲೋಚಕರಿಗೆ ಇಲ್ಲ. ಹೆಂಡತಿಯ ಫೋನನ್ನು ತಪಾಸಣೆ ಮಾಡುವ, ಗೆಳತಿಯರ ಮನೆಗೆ ಬಿಡದ, ತವರಿಗೂ ಕಳಿಸದ ಗಂಡ ಕೂಡ ಅವಳು ಸೋಮವಾರ ಶಿವನ ಗುಡಿಗೆ, ಗುರುವಾರ ದರ್ಗಾಕ್ಕೆ, ಭಾನುವಾರ ಚರ್ಚಿನ ಪೂಜೆಗೆ ಹೋಗುವುದನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಎಷ್ಟೋ ಹೆಂಗಸರಿಗೆ ಪ್ರಶ್ನೆಯಿಲ್ಲದೆ ಹೊರಬರಲು ಇರುವುದು ಅದೊಂದೇ ಬಾಗಿಲು. ಹಾಗಾಗಿ ಸಹಾಯವಾಣಿ ಸಂಖ್ಯೆ ಇರಬೇಕಾದದ್ದು ಕಚೇರಿಯ ಫಲಕದ ಮೇಲಷ್ಟೇ ಅಲ್ಲ, ದೇವಸ್ಥಾನದ ಹೆಂಗಸರ ಶೌಚಾಲಯದ ಬಾಗಿಲ ಒಳಬದಿಯಲ್ಲಿ. ಅಲ್ಲಿ ಅವಳು ಓದುವುದನ್ನು ಯಾರೂ ನೋಡುವುದಿಲ್ಲ. ನಮ್ಮ ಮಠಗಳಲ್ಲಿ ವರ್ಷವರ್ಷವೂ ಸಾಮೂಹಿಕ ವಿವಾಹ ನಡೆಯುತ್ತದೆ. ಆ ವೇದಿಕೆಯಿಂದ ಸ್ವಾಮೀಜಿಯವರು ‘ಹೆಂಡತಿಯ ಮೇಲೆ ಕೈ ಮಾಡುವುದು ಅಧರ್ಮ, ಕೈ ಮಾಡಿದವನಿಗೆ ಈ ಮಠದ ಬೆಂಬಲವಿಲ್ಲ’ ಎಂದು ಒಂದು ಮಾತು ಆಡಿದರೆ ಸರ್ಕಾರದ ನೂರು ಜಾಹೀರಾತಿಗಿಂತ ಅದು ಆಳಕ್ಕೆ ಇಳಿಯುತ್ತದೆ.

ಅನುಕೂಲಕ್ಕೆ ತಕ್ಕಂತೆ ಧರ್ಮದ ಮಾತನ್ನು ತಿರುಚುವವರಿಗೆ ಉತ್ತರ ಕೊಡಬಲ್ಲವರೂ ಧರ್ಮಗುರುಗಳೇ. ಕ್ರೈಸ್ತ ವಿವಾಹ ಬಿಡಿಸಲಾಗದ ಬಂಧ, ಆದ್ದರಿಂದ ಸಹಿಸಿಕೋ ಎಂದು ಹೇಳುವವರಿದ್ದಾರೆ. ಆದರೆ ಪೋಪ್ ಫ್ರಾನ್ಸಿಸ್ 2016ರ ‘ಅಮೋರಿಸ್ ಲೇತೀಸಿಯಾ’ ಎಂಬ ಬೋಧನಾ ಪತ್ರದಲ್ಲಿ, ಸಂಗಾತಿಯನ್ನೂ ಪುಟ್ಟ ಮಕ್ಕಳನ್ನೂ ಹಿಂಸೆಯಿಂದ ಪಾರುಮಾಡಬೇಕಾದ ಸಂದರ್ಭದಲ್ಲಿ ಬೇರೆಯಾಗಿ ಬಾಳುವುದು ನೈತಿಕವಾಗಿಯೂ ಅಗತ್ಯವಾಗಬಹುದು ಎಂದಿದ್ದಾರೆ. ಮುಸ್ಲಿಂ ಹೆಣ್ಣುಮಗಳಿಗೆ ತಾನೇ ಬಿಡುಗಡೆ ಕೇಳುವ ‘ಖುಲಾ’ ಹಕ್ಕಿದೆ. ಹನ್ನೆರಡನೇ ಶತಮಾನದ ಶರಣರ ಅನುಭವ ಮಂಟಪದಲ್ಲಿ ಹೆಣ್ಣು ಗಂಡಿನ ಸಮಕ್ಕೆ ಕೂತು ಮಾತಾಡಿದಳು. ಆ ಪರಂಪರೆಯವರು ನಾವು ಎನ್ನುವ ಮನೆಗಳಲ್ಲಿ ಹೆಂಡತಿಗೆ ಹೊಡೆಯಲು ಯಾವ ಸಮರ್ಥನೆ ಇದೆ? ಗಂಡ ಪೊಲೀಸರ ಮಾತಿಗೆ ಹೆದರಬಹುದು, ಹೆಂಡತಿಯ ಮಾತನ್ನು ಕಡೆಗಣಿಸಬಹುದು. ತನ್ನ ಗುರುವಿನ ಮಾತನ್ನು ಮಾತ್ರ ತಳ್ಳಿಹಾಕಲು ಅವನಿಗೆ ಕಷ್ಟ. ಗುರುಗಳು ಅವನನ್ನು ಬೇರೆಯಾಗಿ ಕರೆಸಿ ಮಾತಾಡಲಿ. ಆದರೆ ಅವಳು ಹೇಳಿದ್ದನ್ನು ಅವಳ ಒಪ್ಪಿಗೆಯಿಲ್ಲದೆ ಅವನಿಗೆ ದಾಟಿಸಬಾರದು. ಹಾಗೆ ದಾಟಿಸಿದ ಒಂದೇ ವಾಕ್ಯದಿಂದ ಅಂದು ರಾತ್ರಿ ಅವಳ ಜೀವಕ್ಕೆ ಕುತ್ತು ಬರಬಹುದು.

ಗುರುಗಳಿಗೆ ಸಾಧ್ಯವಾಗದ್ದೂ ಇದೆ. ಹಿಂಸೆಯ ಮನೆಯನ್ನು ಗ್ರಹದೋಷ, ಮಾಟ, ಅವಳ ಕಾಲ್ಗುಣ ಎಂದು ಶಾಂತಿಹೋಮಕ್ಕೋ ಹರಕೆಗೋ ಕಳಿಸಿದರೆ ಕಳೆದುಹೋಗುವುದು ಅಮೂಲ್ಯ ಸಮಯ. ಪೂಜೆ ಮಾಡಿಸುವುದು ನಿಮ್ಮ ನಂಬಿಕೆ, ಮಾಡಿಸಿ. ಆದರೆ ಅದು ವೈದ್ಯರ ಬಳಿ ಹೋಗುವುದಕ್ಕೆ ಬದಲಿ ಆಗಬಾರದು. ಕುಡಿತದ ವಿಷಯದಲ್ಲೂ ಹೀಗೆಯೇ. ಮದ್ಯವರ್ಜನ ಶಿಬಿರಗಳಿಂದ ಬದಲಾದ ಕುಟುಂಬಗಳಿವೆ, ಸಂತೋಷ. ಆದರೆ ಕುಡಿತ ಬಿಟ್ಟ ಮೇಲೂ ಹೆಂಡತಿ ತನ್ನ ಹಿಡಿತದಲ್ಲಿ ಇರಬೇಕೆಂಬ ಹಟ ಬಿಡದವರನ್ನು ನಾನು ಬಲ್ಲೆ. ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ ಬೇಕು.

ಇನ್ನು ನೀವು ಮಾಡಬೇಕಾದದ್ದು. ಮಗಳು ಬಂದಾಗ ಅವಳ ಮಾತನ್ನು ನಂಬಿ, ‘ನೀನೇನು ಮಾಡಿದೆ?’ ಎಂದು ಕೇಳಬೇಡಿ. ಅಂದೇ ವಾಪಸು ಕಳಿಸಬೇಡಿ. ಆವೇಶದಲ್ಲಿ ಅಳಿಯನಿಗೆ ಫೋನ್ ಮಾಡಿ ಬೈಯಬೇಡಿ, ಅದರ ಬೆಲೆ ತೆರುವವಳು ಅವಳೇ. ಪೆಟ್ಟು ಬಿದ್ದಿದ್ದರೆ ಆಸ್ಪತ್ರೆಗೆ ಕರೆದೊಯ್ದು, ಪೆಟ್ಟು ಹೇಗಾಯಿತೆಂಬ ನಿಜವನ್ನೇ ವೈದ್ಯರಿಗೆ ಹೇಳಿಸಿ. ‘ಬಚ್ಚಲಲ್ಲಿ ಜಾರಿ ಬಿದ್ದಳು’ ಎಂದು ಬರೆಸಿದ ಚೀಟಿ ಮುಂದೆ ಅವಳಿಗೇ ಮುಳುವಾಗುತ್ತದೆ. ಆಧಾರ್, ಬ್ಯಾಂಕ್ ಪುಸ್ತಕ, ಮಕ್ಕಳ ಜನನ ಪ್ರಮಾಣಪತ್ರ, ಮದುವೆಯ ಫೋಟೊ, ಒಡವೆಯ ರಸೀದಿ ಇವುಗಳ ಒಂದೊಂದು ಪ್ರತಿ ನಿಮ್ಮ ಮನೆಯಲ್ಲಿರಲಿ.

ಕೆಲವು ಸೂಚನೆಗಳನ್ನು ಮಾತ್ರ ಎಂದೂ ಹಗುರವಾಗಿ ಕಾಣಬೇಡಿ. ಕತ್ತು ಹಿಸುಕಿದ್ದು, ಕೊಲ್ಲುತ್ತೇನೆ ಎಂದದ್ದು, ಚಾಕುವನ್ನೋ ಸೀಮೆಎಣ್ಣೆಯನ್ನೋ ತೋರಿಸಿ ಹೆದರಿಸಿದ್ದು, ಬಸುರಿಯಾಗಿದ್ದಾಗ ಹೊಡೆದದ್ದು. ಒಮ್ಮೆ ಕತ್ತು ಹಿಸುಕಿಸಿಕೊಂಡು ಬದುಕಿದ ಹೆಂಗಸು ಮುಂದೆ ಅದೇ ಕೈಯಲ್ಲಿ ಕೊಲೆಯಾಗುವ ಅಪಾಯ ಹಲವು ಪಟ್ಟು ಹೆಚ್ಚು ಎಂದು ಸಂಶೋಧನೆಗಳು ತೋರಿಸಿವೆ. ಕತ್ತಿನ ಮೇಲೆ ಗುರುತು ಕಾಣದಿದ್ದರೂ ಒಳಗೆ ಗಾಯವಾಗಿರಬಹುದು. ಗಂಡನನ್ನು ಬಿಟ್ಟು ಬರುವ ಹೊತ್ತು, ಬಂದ ನಂತರದ ಕೆಲವು ವಾರಗಳು ಅತ್ಯಂತ ಅಪಾಯದ ಕಾಲ. ಇಂಥ ಸಂದರ್ಭದಲ್ಲಿ ಯಾವ ಹಿರಿಯರ ಸಭೆಯೂ ಬೇಡ. 112ಕ್ಕೆ ಕರೆ ಮಾಡಿ.

ತುರ್ತು ಇಲ್ಲದಾಗ ಮಹಿಳಾ ಸಹಾಯವಾಣಿ 181 ಇದೆ. ಜಿಲ್ಲೆಗಳಲ್ಲಿರುವ ‘ಸಖಿ’ ಒನ್ ಸ್ಟಾಪ್ ಕೇಂದ್ರಗಳಲ್ಲಿ ವೈದ್ಯಕೀಯ ನೆರವು, ಪೊಲೀಸ್ ನೆರವು, ಕಾನೂನು ಸಲಹೆ, ಆಪ್ತಸಮಾಲೋಚನೆ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ, ಐದು ದಿನದವರೆಗೆ ತಂಗಲೂ ಜಾಗವಿರುತ್ತದೆ. ವಕೀಲರಿಗೆ ದುಡ್ಡಿಲ್ಲ ಎಂಬ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ, ಸಂಖ್ಯೆ 15100. ಮನಸ್ಸಿನ ನೋವಿಗೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಕೇಸು ಹಾಕಿದರೆ ಗಂಡನ ಮನೆಯಿಂದ ಹೊರಬೀಳಬೇಕು ಎಂಬುದೂ ತಪ್ಪು ತಿಳಿವಳಿಕೆ. ಮನೆ ಯಾರ ಹೆಸರಿನಲ್ಲಿದ್ದರೂ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು 2005ರ ಕಾಯ್ದೆ ಕೊಟ್ಟಿದೆ. ಸಂರಕ್ಷಣಾ ಆದೇಶ ಮುರಿದವನಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಮಗಳು ಅಮೆರಿಕದಲ್ಲಿದ್ದರೆ ಹೆತ್ತವರ ಅಸಹಾಯಕತೆ ಇನ್ನೂ ಹೆಚ್ಚು. ವೀಸಾ ಗಂಡನನ್ನು ಅವಲಂಬಿಸಿರುತ್ತದೆ, ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿರುತ್ತದೆ. ಅಲ್ಲಿ ದಕ್ಷಿಣ ಏಷ್ಯಾದ ಹೆಂಗಸರಿಗಾಗಿಯೇ 1985ರಲ್ಲಿ ನ್ಯೂಜೆರ್ಸಿಯಲ್ಲಿ ಶುರುವಾದ ‘ಮಾನವಿ’, ಕ್ಯಾಲಿಫೋರ್ನಿಯಾದ ‘ಮೈತ್ರಿ’, ‘ನಾರಿಕಾ’ ಸಂಸ್ಥೆಗಳಿವೆ. ಧರ್ಮಗುರುಗಳಿಗೆ ಈ ವಿಷಯದಲ್ಲಿ ತರಬೇತಿ ಕೊಡುವ ಕೆಲಸವನ್ನೂ ಅಮೆರಿಕದಲ್ಲೇ, ಸಿಯಾಟಲ್‌ನಲ್ಲಿ, ಪಾದ್ರಿ ಮೇರಿ ಫಾರ್ಚೂನ್ 1977ರಲ್ಲೇ ಆರಂಭಿಸಿದರು. ಹೊರದೇಶದ ಇನ್ನೊಂದು ಉದಾಹರಣೆಯೂ ಇದೆ: ಉಗಾಂಡದ ಕಂಪಾಲದಲ್ಲಿ ‘ಸಾಸಾ!’ ಎಂಬ ಕಾರ್ಯಕ್ರಮ ಊರಿನ ಜನರನ್ನೇ ಕಟ್ಟಿಕೊಂಡು ನಡೆಯಿತು. ಅದು ನಡೆದ ಬಡಾವಣೆಗಳಲ್ಲಿ ಗಂಡನಿಂದಾಗುವ ದೈಹಿಕ ಹಿಂಸೆ ಬೇರೆ ಬಡಾವಣೆಗಳಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದೇ ಕಾರ್ಯಕ್ರಮವನ್ನು ಮುಂದೆ ಚರ್ಚು, ಮಸೀದಿಗಳಿಗೆ ಒಗ್ಗುವಂತೆ ರೂಪಿಸಿದರು. ಹಿಂಸೆಯನ್ನು ತಡೆಯಬಹುದು ಎಂಬುದು ಬರೀ ಆಸೆಯಲ್ಲ.

ಗಂಡುಮಕ್ಕಳ ತಂದೆತಾಯಿಗೂ ಒಂದು ಮಾತು. ನಿಮ್ಮ ಮಗ ಸೊಸೆಗೆ ಹೊಡೆಯುವುದು ಪಕ್ಕದ ಕೋಣೆಯಲ್ಲಿರುವ ನಿಮಗೆ ಕೇಳಿಸುತ್ತದೆ. ಬಾಗಿಲು ತಟ್ಟಿ. ‘ಈ ಮನೆಯಲ್ಲಿ ಇದು ನಡೆಯಕೂಡದು’ ಎಂದು ಹೇಳಬೇಕಾದ ಮೊದಲಿಗರು ನೀವು. ತಂದೆ ತಾಯಿಗೆ ಹೊಡೆಯುವುದನ್ನು ಕಂಡು ಬೆಳೆದ ಹೆಣ್ಣುಮಕ್ಕಳು ತಾವೂ ಗಂಡನಿಂದ ಹಿಂಸೆ ಅನುಭವಿಸುವ ಪ್ರಮಾಣ ಉಳಿದವರಿಗಿಂತ ಬಹಳ ಹೆಚ್ಚು ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ‘ಮಕ್ಕಳ ಮುಖ ನೋಡಿ ಸಹಿಸಿಕೋ’ ಎನ್ನುವವರು ಆ ಮಕ್ಕಳು ಏನನ್ನು ನೋಡುತ್ತಿದ್ದಾರೆ ಎಂಬುದನ್ನೂ ಯೋಚಿಸಬೇಕು.

ಮದುವೆ ಮಾಡಿ ಕಳಿಸುವಾಗಲೇ ಮಗಳಿಗೆ ಬಾಯಿಬಿಟ್ಟು ಹೇಳಿ: ಯಾವ ಹೊತ್ತಿನಲ್ಲಿ ಬಂದರೂ ಈ ಮನೆ ನಿನ್ನದು, ಬಂದರೆ ನಮ್ಮ ಮಾನ ಹೋಗುವುದಿಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಗಾದೆ ಕೇಳಿ ಬೆಳೆದ ಹುಡುಗಿಗೆ ಅದನ್ನು ನೀವಾಗಿ ಹೇಳದ ಹೊರತು ತಿಳಿಯುವುದಿಲ್ಲ. ನಿಮ್ಮಲ್ಲಿ ಯಾರಾದರೂ ದೇವಸ್ಥಾನದ ಸಮಿತಿಯಲ್ಲಿ, ಜಮಾತಿನಲ್ಲಿ, ಚರ್ಚಿನ ಪಾಲನಾ ಮಂಡಳಿಯಲ್ಲಿ ಇದ್ದರೆ ಮುಂದಿನ ಸಭೆಯಲ್ಲಿ ಎರಡು ವಿಷಯ ಎತ್ತಿ. ತಾಲ್ಲೂಕಿನ ಸಂರಕ್ಷಣಾಧಿಕಾರಿಯನ್ನು ಒಮ್ಮೆ ಕರೆಸಿ ಮಾತಾಡಿಸಿ. ಹೆಂಗಸರ ಕಡೆಯ ಗೋಡೆಯ ಮೇಲೆ 181 ಎಂದು ದೊಡ್ಡದಾಗಿ ಬರೆಸಿ.