ಮಂಗನ ಕಾಯಿಲೆ ವೈರಸ್: ಬಂಧುಬಳಗ ಯಾರು?

ರಟ್ಟೀಹಳ್ಳಿ, ಹಿರೇಕೆರೂರು ಸೀಮೆಯ ಪರೀಕ್ಷಾ ಅಭ್ಯರ್ಥಿಗಳು ಮಂಗನ ಕಾಯಿಲೆಯನ್ನು ದೂರದ ವಿಷಯವೆಂದು ಬಿಡಬಾರದು. ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಈ ವೈರಸ್ ಪತ್ತೆಯಾಯಿತು.

ಕುಟುಂಬ: ಫ್ಲಾವಿವಿರಿಡೇ. ಆನುವಂಶಿಕ ವಸ್ತು: ಧನಾತ್ಮಕ ಏಕ ಎಳೆಯ ಆರ್‌ಎನ್‌ಎ, ಉದ್ದ ಸುಮಾರು 11,000 ನ್ಯೂಕ್ಲಿಯೊಟೈಡ್. ಮುಖ್ಯ ವಾಹಕ: ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣೆ.

ಈ ವೈರಸ್ ಸೇರಿದ ಕುಲದಲ್ಲಿ ಎರಡು ದೊಡ್ಡ ಕವಲುಗಳಿವೆ. ಡೆಂಗಿ, ಝೀಕಾ, ಹಳದಿ ಜ್ವರ, ಜಪಾನೀಸ್ ಎನ್‌ಸೆಫಲೈಟಿಸ್ ವೈರಸ್‌ಗಳು ಸೊಳ್ಳೆಯ ಕವಲಿನವು. ಉಣ್ಣೆಯ ಕವಲಿನಲ್ಲಿ ಮಂಗನ ಕಾಯಿಲೆಯ ಜತೆ ರಷ್ಯಾದ ಓಮ್ಸ್ಕ್ ರಕ್ತಸ್ರಾವ ಜ್ವರದ ವೈರಸ್ ಇದೆ. ತೀರಾ ಹತ್ತಿರದ ನೆಂಟ ಸೌದಿ ಅರೇಬಿಯಾದ ಅಲ್‌ಖುರ್ಮಾ ವೈರಸ್; ಎರಡರ ಅಮೈನೊ ಆಮ್ಲ ಸರಣಿ ಸುಮಾರು ಶೇ. 97ರಷ್ಟು ಒಂದೇ. ಮಲೆನಾಡಿನ ಮಳೆಕಾಡಿಗೂ ಅರಬ್ ಮರುಭೂಮಿಗೂ ಇಂಥ ನಂಟು ಎಂಬುದು ನಿಜಕ್ಕೂ ಬೆರಗು.

ನಂಟಿನ ಅಳತೆ ರೋಗ ಪತ್ತೆಗೂ ಲಸಿಕೆಗೂ ಮುಖ್ಯ. ರಕ್ತಪರೀಕ್ಷೆಯಲ್ಲಿ ಈ ವೈರಸ್ ರಷ್ಯಾದ ವಸಂತ-ಬೇಸಿಗೆ ಎನ್‌ಸೆಫಲೈಟಿಸ್ ಗುಂಪಿಗೆ ಹೋಲಿಕೆ ತೋರಿತು. ಅದರ ಲಸಿಕೆಯನ್ನೇ ಇಲ್ಲಿ ಪ್ರಯೋಗಿಸಿದರು, ರಕ್ಷಣೆ ಸಿಗಲಿಲ್ಲ. ಪರೀಕ್ಷೆಯನ್ನು ಗೊಂದಲಗೊಳಿಸುವಷ್ಟು ಹತ್ತಿರದ ಸಂಬಂಧ, ಲಸಿಕೆ ಹಂಚಿಕೊಳ್ಳುವಷ್ಟು ಹತ್ತಿರದ್ದಲ್ಲ.

ಇಲ್ಲಿ ಎಡವಬೇಡಿ: ಡೆಂಗಿ, ಚಿಕೂನ್‌ಗುನ್ಯಾ ಎರಡನ್ನೂ ಹರಡುವುದು ಈಡಿಸ್ ಸೊಳ್ಳೆ. ಆದರೂ ಚಿಕೂನ್‌ಗುನ್ಯಾ ವೈರಸ್ ಟೋಗಾವಿರಿಡೇ ಕುಟುಂಬದ್ದು. ವಾಹಕ ಒಂದೇ ಆದರೆ ಕುಟುಂಬವೂ ಒಂದೇ ಆಗಬೇಕಿಲ್ಲ. ವಂಶವನ್ನು ತೀರ್ಮಾನಿಸುವುದು ಜೀನ್ ಸರಣಿಯ ಹೋಲಿಕೆ.