ಫೋನು ಹಿಡಿದ ಮಕ್ಕಳ ಮನೆಯವರಿಗೆ

ಕೋವಿಡ್ ಕಾಲದಲ್ಲಿ ಪಾಠ ಕೇಳಬೇಕೆಂದು ನಮ್ಮ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದನ್ನು ಯಾರೂ ಮರೆತಿಲ್ಲ. ಫೋನನ್ನು ಅವರ ಕೈಗೆ ಕೊಟ್ಟವರು ನಾವೇ. ಹಾಗಾಗಿ ಬಯ್ಯುವುದಕ್ಕೆ ಮುಂಚೆ ಈ ಹಿರಿಜೀವದ ಮಾತು ಸ್ವಲ್ಪ ಕೇಳಿ. ಅಪ್ಪ, ಅಮ್ಮ, ಅಕ್ಕ, ಅಣ್ಣ ಎಲ್ಲರಿಗೂ ಹೇಳುತ್ತಿದ್ದೇನೆ.

• ಏನೂ ಆಗದೆ ಇರುವಾಗಲೇ ಮಗುವಿಗೆ ಮಾತು ಕೊಡಿ: "ಏನೇ ಆದ್ರೂ ನನ್ನ ಹತ್ರ ಬಾ. ಹೊಡೆಯಲ್ಲ, ಓದು ಬಿಡಿಸಲ್ಲ." ಫೋಟೋ ಇಟ್ಟುಕೊಂಡು ಹೆದರಿಸುವವನ ಕೈಯಲ್ಲಿರುವ ದೊಡ್ಡ ಅಸ್ತ್ರ "ನಿಮ್ಮನೇಲಿ ಹೇಳ್ತೀನಿ" ಎಂಬ ಮಾತು. ಮನೆಯವರಿಗೆ ಮೊದಲೇ ಗೊತ್ತಾಗಿಬಿಟ್ಟರೆ ಅವನ ಬಲ ಅರ್ಧಕ್ಕರ್ಧ ಇಳಿದು ಹೋಗುತ್ತದೆ. ಕಾಲೇಜು ಬಿಡಿಸಿ ಮದುವೆ ಮಾಡಿಬಿಡುತ್ತಾರೆ ಎಂದು ಹೆದರಿದ ಹುಡುಗಿ ಬಾಯಿ ಬಿಡುವುದಿಲ್ಲ, ಅವನು ಕೇಳಿದ್ದನ್ನೆಲ್ಲ ಕೊಡುತ್ತಾ ಹೋಗುತ್ತಾಳೆ. ಊರವರು ಏನಂದಾರು ಎಂಬ ನಮ್ಮ ಅಂಜಿಕೆಯೇ ಅವನಿಗೆ ಬಂಡವಾಳ.

• ಗಂಡು ಮಕ್ಕಳನ್ನು ಮರೆಯಬೇಡಿ. ಹುಡುಗಿಯ ಹೆಸರಲ್ಲಿ ಸ್ನೇಹ ಬೆಳೆಸಿ, ವಿಡಿಯೋ ಕಾಲ್‌ನಲ್ಲಿ ಬಟ್ಟೆ ಬಿಚ್ಚಿಸಿ, ಅದನ್ನು ರೆಕಾರ್ಡ್ ಮಾಡಿ ದುಡ್ಡು ಕೇಳುವವರು ಹೆಚ್ಚಾಗಿ ಹುಡುಗರನ್ನೇ ಹುಡುಕುತ್ತಾರೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಗೆ ಗಂಡು ಹೆಣ್ಣೆಂಬ ಭೇದವಿಲ್ಲ. 18 ತುಂಬದವರೆಲ್ಲ ಅದರ ಕಣ್ಣಿಗೆ ಮಕ್ಕಳೇ.

• ಕುಯ್ಲಿನ ಕಾಲದಲ್ಲಿ ಹೆಚ್ಚು ಎಚ್ಚರ ಬೇಕು. ಡಿಸೆಂಬರಿನಿಂದ ಫೆಬ್ರವರಿವರೆಗೆ ದೊಡ್ಡವರೆಲ್ಲ ತೋಟದಲ್ಲಿ, ಇಲ್ಲವೇ ಕಣದಲ್ಲಿ. ಶಾಲೆಯಿಂದ ಬಂದ ಮಗು ತೋಟದ ಕೂಲಿಯವರ ಲೈನ್ ಮನೆಯಲ್ಲಿ ಒಂಟಿ. ಮಳೆಗಾಲದಲ್ಲಿ ಮೂಡಿಗೆರೆ, ಕಳಸಕ್ಕೆ ಮಳೆ ರಜೆ ಕೊಟ್ಟಾಗಲೂ ಇದೇ ಕತೆ. ತೋಟದ ಮಾಲೀಕರಲ್ಲಿ ಕೇಳಿಕೊಳ್ಳುತ್ತೇನೆ: ಸಂಜೆ ಹೊತ್ತು ಲೈನಿನ ಮಕ್ಕಳು ಒಟ್ಟಿಗೆ ಕೂರುವುದಕ್ಕೆ ಒಂದು ಜಾಗ ಕೊಡಿ, ನೋಡಿಕೊಳ್ಳಲು ಒಬ್ಬರನ್ನು ಇಡಿ. ಅಸ್ಸಾಮಿನಿಂದ ದುಡಿಯಲು ಬಂದ ತಾಯಿಗೆ ನಮ್ಮ ಮಾತೇ ಬಾರದು, ಅವಳು ಯಾರನ್ನು ಕೇಳಬೇಕು?

• ರಾತ್ರಿ ಎಲ್ಲರ ಫೋನೂ ನಡುಮನೆಯಲ್ಲೇ ಚಾರ್ಜಿಗೆ. ಎಲ್ಲರದೂ ಅಂದರೆ ನಿಮ್ಮದೂ ಸೇರಿ.

• ವಾಟ್ಸಾಪ್, ಇನ್‌ಸ್ಟಾಗ್ರಾಂ ಎರಡಕ್ಕೂ 13 ತುಂಬಿರಬೇಕು. ಖಾತೆ ಪ್ರೈವೇಟ್ ಇರಲಿ, ಗುರುತಿಲ್ಲದವರು ಗ್ರೂಪಿಗೆ ಸೇರಿಸದ ಹಾಗೆ ಮಾಡಿ, ಎಲ್ಲಿದ್ದಾರೆಂದು ತೋರಿಸುವ ಲೊಕೇಶನ್ ಆಫ್ ಆಗಿರಲಿ. ನಿಮಗೆ ಬಾರದಿದ್ದರೆ ಮಗುವೇ ಕಲಿಸಲಿ, ಪಕ್ಕದಲ್ಲಿ ಕೂತು ಕಲಿಯಿರಿ.

• ನಮ್ಮ ಕಡೆ ಹೋಂಸ್ಟೇ ಹೆಚ್ಚಾಗಿವೆ. ಎರಡು ದಿನಕ್ಕೆ ಬಂದ ಅತಿಥಿ ನಗುನಗುತ್ತಾ ಮಕ್ಕಳ ಫೋಟೋ ತೆಗೆದು, ಇನ್‌ಸ್ಟಾಗ್ರಾಂ ಐಡಿ ಕೇಳುತ್ತಾರೆ. ಒಳ್ಳೆಯವರೇ ಇರಬಹುದು. ಆದರೂ "ಮನೆಯವರನ್ನು ಕೇಳಿ" ಅನ್ನಲು ಮಕ್ಕಳಿಗೆ ಹೇಳಿಕೊಡಿ. ಯೂನಿಫಾರ್ಮಿನಲ್ಲಿರುವ ಮಗುವಿನ ಫೋಟೋವನ್ನು ಎಸ್ಟೇಟ್ ಹೆಸರಿನ ಸಮೇತ ನೀವೂ ಹಾಕಬೇಡಿ.

• ಫೋನ್‌ಪೇ, ಗೂಗಲ್‌ಪೇ ಪಿನ್ ಮಕ್ಕಳಿಗೆ ಗೊತ್ತಾಗಬಾರದು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ಕಾನೂನು ತಂದು ನಿಷೇಧಿಸಿದೆ. ಈಗಲೂ ಯಾರಾದರೂ ಆಡಿಸುತ್ತಿದ್ದರೆ ಅದು ಕಳ್ಳ ದಂಧೆ.

• ಫೋಟೋ ಇಟ್ಟುಕೊಂಡು ಯಾರಾದರೂ ಬೆದರಿಸಿಯೇ ಬಿಟ್ಟರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟವರ ಹತ್ತಿರವೇ ಮತ್ತೆ ಬರುತ್ತಾರೆ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಅವನ ನಂಬರು, ಐಡಿ, ಬೆದರಿಕೆಯ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದುಕೊಂಡ ಮೇಲೆ ಬ್ಲಾಕ್ ಮಾಡಿ. ಮಗುವಿನ ಆ ಚಿತ್ರವನ್ನು ಮಾತ್ರ ಯಾರಿಗೂ ಕಳಿಸಬೇಡಿ. "ನೋಡಿ, ಏನಾಗಿದೆ" ಎಂದು ಭಾವನಿಗೆ, ಸಂಘದ ಗ್ರೂಪಿಗೆ ಕಳಿಸಿದರೂ ಅಪರಾಧವೇ. ಅಂಥದ್ದನ್ನು ಹಂಚಿದವರಿಗೆ ಐಟಿ ಕಾಯ್ದೆಯ 67ಬಿ ಕಲಮಿನಲ್ಲಿ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಕಂಪ್ಯೂಟರಿನಲ್ಲಿ ಮುಖ ಅಂಟಿಸಿ ಮಾಡಿದ ಚಿತ್ರವನ್ನೂ 2019ರ ತಿದ್ದುಪಡಿಯಲ್ಲಿ ಪೋಕ್ಸೊ ಒಳಗೆ ತಂದಿದ್ದಾರೆ. ಅಂಥ ಚಿತ್ರಗಳೂ ಇರುವುದರಿಂದ "ಅದು ನಾನಲ್ಲ" ಎಂದು ಮಗಳು ಅಳುತ್ತಿದ್ದರೆ ನಂಬಿ.

• ಚಿತ್ರ ಹರಡದಂತೆ ತಡೆಯಲು ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಇದೆ, ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸುತ್ತದೆ. ಚಿತ್ರವನ್ನು ಅವರಿಗೆ ಕಳಿಸಬೇಕಾಗಿಲ್ಲ. ಅದರ ಗುರುತಿನ ಸಂಖ್ಯೆ ನಮ್ಮ ಫೋನಿನಲ್ಲೇ ತಯಾರಾಗಿ ಅದಷ್ಟೇ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನವರು ಅದನ್ನು ನೋಡಿ ಚಿತ್ರ ತೆಗೆಯುತ್ತಾರೆ.

• ಸ್ಟೇಷನ್ ಮೆಟ್ಟಿಲು ಹತ್ತಲು ಹೆದರುವವರು ಇದನ್ನು ತಿಳಿದಿರಿ. ಪೋಕ್ಸೊ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಹೇಳಿದ ಜಾಗದಲ್ಲೋ ಬರೆದುಕೊಳ್ಳಬೇಕು, ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಖಾಕಿ ಹಾಕಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವ ಹಾಗಿಲ್ಲ. ಪತ್ರಿಕೆ, ಟಿವಿಯವರು ಹೆಸರು ಹೊರಗೆ ಹಾಕುವ ಹಾಗಿಲ್ಲ. ಸೈಬರ್ ಪ್ರಕರಣಕ್ಕೆಂದೇ ಚಿಕ್ಕಮಗಳೂರಿನಲ್ಲಿ ಸೆನ್ ಠಾಣೆ ಇದೆ. ಘಾಟಿ ಸುತ್ತಿ ಅಲ್ಲಿಗೇ ಹೋಗಬೇಕೆಂದಿಲ್ಲ, ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಉಚಿತ, ಮಗುವೇ ಮಾಡಬಹುದು. ದುಡ್ಡು ಹೋಗಿದ್ದರೆ ಆ ಕ್ಷಣವೇ 1930. ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್, 14416.

• ಮಕ್ಕಳ ಕಾಳಜಿಯ ಹೆಸರಿನಲ್ಲೇ ಬರುವ ಸುಳ್ಳುಗಳೂ ಉಂಟು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟ ಗುಂಪಿನಲ್ಲಿದ್ದ ಹೈದರಾಬಾದಿನ ಯುವ ಎಂಜಿನಿಯರನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ವಾಟ್ಸಾಪ್ ಮೆಸೇಜೇ ಅದಕ್ಕೆ ಕಿಚ್ಚು ಹಚ್ಚಿದ್ದು. ಪರಊರಿನ ಕೂಲಿಯವರಿರುವ ನಮ್ಮ ತೋಟಗಳಲ್ಲಿ ಅಂಥ ಮೆಸೇಜು ಬಂದರೆ ಮುಂದಕ್ಕೆ ಕಳಿಸಬೇಡಿ, ತುರ್ತು ನಂಬರು 112ಕ್ಕೆ ಫೋನ್ ಮಾಡಿ ಕೇಳಿ.

• ಮಂಗಳೂರಿಗೋ ಮೂಡುಬಿದಿರೆಗೋ ಹಾಸ್ಟೆಲಿಗೆ ಕಳಿಸುವ ಮುನ್ನ, ಅಪ್ಪ ಅಮ್ಮನಿಗೆ ಹೇಳಲಾಗದ್ದನ್ನು ಹೇಳಲು ಒಬ್ಬ ದೊಡ್ಡವರನ್ನು ಗೊತ್ತು ಮಾಡಿ. ಚಿಕ್ಕಮ್ಮನೋ, ಸೋದರಮಾವನೋ, ಹಳೆಯ ಟೀಚರೋ, ಯಾರೆಂದು ಮಗುವೇ ಹೇಳಲಿ. ಆಮೇಲೆ ಅವರಿಗೆ ಫೋನ್ ಮಾಡಿ ತಿಳಿಸಿ. ನಡುರಾತ್ರಿ ಮಗು ಕರೆ ಮಾಡಿದರೂ ಬೈಯದೆ ಎತ್ತುವಂತೆ ಒಪ್ಪಿಸಿಕೊಳ್ಳಿ.